ಐದನೇ ತಿಂಗಳಲ್ಲಿ ಕೈತಪ್ಪುವ ಗರ್ಭ: ಗರ್ಭಕಂಠದ ದೌರ್ಬಲ್ಯ ಮತ್ತು ಹಾರ್ಮೋನು ತೊಂದರೆಗಳ ಬಗ್ಗೆ ತಿಳಿದಿರಬೇಕಾದ ಸಂಗತಿಗಳು



ಕಾರವಾರ ಮತ್ತು ಅಂಕೋಲೆಯ ನಡುವಿನ ಹಾರವಾಡದಂಥ ಕಡಲ ತೀರದ ಊರುಗಳಿಗೆ ಮನೆಭೇಟಿಗೆ ಹೋದಾಗ ಧರ್ಮಗುರುಗಳಿಗೂ ಧರ್ಮಭಗಿನಿಯರಿಗೂ ಒಂದು ಮಾತು ಮತ್ತೆ ಮತ್ತೆ ಕೇಳಲು ಸಿಗುತ್ತದೆ: "ಫಾದರ್, ಐದು ತಿಂಗಳವರೆಗೆ ಎಲ್ಲ ಸರಿಯಿತ್ತು. ನೋವೂ ಇರಲಿಲ್ಲ. ಒಂದೇ ರಾತ್ರಿಯಲ್ಲಿ ಹೋಗಿಬಿಟ್ಟಿತು." ಆಮೇಲೆ ಮನೆಯಲ್ಲಿ ಕಾರಣ ಹುಡುಕುವ ಕೆಲಸ ಶುರುವಾಗುತ್ತದೆ. ಮೀನಿನ ಬುಟ್ಟಿ ಹೊತ್ತಳು, ಬಸ್ಸಿನಲ್ಲಿ ತವರಿಗೆ ಹೋದಳು, ಯಾರದೋ ದೃಷ್ಟಿ ತಾಗಿತು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊನೆಗೆ ತಪ್ಪು ಆ ಹೆಣ್ಣುಮಗಳ ತಲೆಯ ಮೇಲೆ ಬೀಳುತ್ತದೆ. ಮುಂದಿನ ಬಸುರಿನಲ್ಲೂ ಹೀಗೆಯೇ ಆದರೆ ಆಕೆ ಬಾಯಿ ಬಿಟ್ಟು ಯಾರೊಂದಿಗೂ ಮಾತನಾಡದ ಸ್ಥಿತಿಗೆ ಬರುತ್ತಾಳೆ.

ಹೀಗೆ ನೋವಿಲ್ಲದೆ ನಾಲ್ಕರಿಂದ ಆರನೇ ತಿಂಗಳ ನಡುವೆ ಗರ್ಭ ಹೋಗುವುದಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ, ಬಹಳಷ್ಟು ಮಂದಿಗೆ ನೆರವಾಗುವ ಚಿಕಿತ್ಸೆಯೂ ಇದೆ. ಆದರೆ ಆ ಚಿಕಿತ್ಸೆಗೆ ಒಂದು ಕಾಲವಿದೆ. ಹಿಂದಿನ ಬಾರಿ ಏನಾಯಿತು ಎಂಬುದನ್ನು ಮುಂದಿನ ಬಸುರಿನ ಮೂರನೇ ತಿಂಗಳೊಳಗೆ ವೈದ್ಯರ ಮುಂದೆ ಹೇಳಬೇಕು. ಇದೊಂದು ವಿಷಯ ನಮ್ಮ ಎಲ್ಲ ಮನೆಗಳಿಗೆ ತಲುಪಲಿ ಎಂಬ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಿದ್ದೇವೆ. ನಾವು ವೈದ್ಯರಲ್ಲ, ಇಲ್ಲಿರುವುದು ತಿಳಿವಳಿಕೆಗಾಗಿ ಮಾತ್ರ.

ಮೊದಲು ಒಂದು ಪದದ ಬಗ್ಗೆ

ಆಸ್ಪತ್ರೆಯ ಕಾಗದಗಳಲ್ಲಿ ತಾನಾಗಿಯೇ ಹೋದ ಗರ್ಭಕ್ಕೂ 'ಅಬಾರ್ಷನ್' ಎಂದೇ ಬರೆಯುವ ರೂಢಿಯಿದೆ. ಈ ಚೀಟಿಯನ್ನು ನೋಡಿದ ನೆಂಟರು ಆಕೆ ಬೇಕೆಂದೇ ಗರ್ಭ ತೆಗೆಸಿಕೊಂಡಳು ಎಂದು ತಪ್ಪು ತಿಳಿದುಕೊಳ್ಳುವುದುಂಟು. ಕಥೋಲಿಕ ಕುಟುಂಬಗಳಲ್ಲಿ ಇದು ಎಷ್ಟು ದೊಡ್ಡ ಗಾಯ ಎಂಬುದನ್ನು ಹೇಳಬೇಕಾಗಿಲ್ಲ. 'ಸ್ಪಾಂಟೇನಿಯಸ್ ಅಬಾರ್ಷನ್' ಎಂದರೆ ತಾನಾಗಿ ಆದ ಗರ್ಭಸ್ರಾವ. ಅದರಲ್ಲಿ ತಾಯಿಯ ಇಚ್ಛೆಯೂ ಇಲ್ಲ, ಪಾಪವೂ ಇಲ್ಲ. ಈ ಲೇಖನದಲ್ಲಿ ನಾವು ಗರ್ಭಸ್ರಾವ ಎಂಬ ಪದವನ್ನೇ ಬಳಸಿದ್ದೇವೆ.

ಬಸುರಿ ಎಂದು ಖಚಿತವಾದ ನೂರು ಮಂದಿಯಲ್ಲಿ ಸುಮಾರು ಹತ್ತರಿಂದ ಹದಿನೈದು ಮಂದಿಗೆ ಗರ್ಭಸ್ರಾವವಾಗುತ್ತದೆ. ಇದರಲ್ಲಿ ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ ಆಗುತ್ತವೆ, ಅವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ನಾಲ್ಕನೇ ತಿಂಗಳ ನಂತರ ಆಗುವ ಗರ್ಭಸ್ರಾವದ ಸಂಖ್ಯೆ ಕಡಿಮೆ, ಕಾರಣಗಳೂ ಬೇರೆ: ಸೋಂಕು, ಗರ್ಭಕೋಶದ ಆಕಾರದ ದೋಷ, ಮಾಸಿನ ತೊಂದರೆ ಮತ್ತು ನಾವು ಇಲ್ಲಿ ಮುಖ್ಯವಾಗಿ ಹೇಳಹೊರಟಿರುವ ಗರ್ಭಕಂಠದ ದೌರ್ಬಲ್ಯ.

ಗರ್ಭಕಂಠ ಎಂದರೇನು?

ಗರ್ಭಕೋಶವನ್ನು ಕೆಳಮುಖವಾಗಿ ಹಿಡಿದ ಒಂದು ಚೀಲ ಎಂದುಕೊಂಡರೆ ಅದರ ಬಾಯಿಯೇ ಗರ್ಭಕಂಠ. ಬಸುರಿನ ನಡುಗಾಲದಲ್ಲಿ ಇದರ ಉದ್ದ ಸಾಮಾನ್ಯವಾಗಿ ಮೂರರಿಂದ ನಾಲ್ಕು ಸೆಂಟಿಮೀಟರ್. ಹೆರಿಗೆಯ ದಿನ ಹತ್ತಿರವಾಗುವವರೆಗೆ ಇದು ಗಟ್ಟಿಯಾಗಿ ಮುಚ್ಚಿಕೊಂಡಿದ್ದು, ಹೆರಿಗೆ ನೋವು ಬಂದಾಗ ಮೆತ್ತಗಾಗಿ, ಕಿರಿದಾಗಿ, ತೆರೆದುಕೊಳ್ಳುತ್ತದೆ.

ಕೆಲವರಲ್ಲಿ ಈ ಬಾಯಿ ಮಗು ಬೆಳೆದು ಭಾರವಾಗುತ್ತಿದ್ದಂತೆ ನೋವಿಲ್ಲದೆಯೇ ಕಿರಿದಾಗಿ ತೆರೆದುಕೊಳ್ಳಲಾರಂಭಿಸುತ್ತದೆ. ನೀರಿನ ಚೀಲ ಕೆಳಗೆ ಇಳಿಯುತ್ತದೆ, ಒಡೆಯುತ್ತದೆ, ಮಗು ಹೊರಗೆ ಬರುತ್ತದೆ. ಆ ಮಗು ಹೆಚ್ಚಾಗಿ ಆರೋಗ್ಯವಾಗಿಯೇ ಇರುತ್ತದೆ, ಆದರೆ ಬದುಕುವಷ್ಟು ಬೆಳೆದಿರುವುದಿಲ್ಲ. ನೂರು ಬಸುರಿಗಳಲ್ಲಿ ಹೆಚ್ಚೆಂದರೆ ಒಬ್ಬರಲ್ಲಿ ಈ ತೊಂದರೆ ಕಾಣುತ್ತದೆ ಎಂದು ಅಂದಾಜು. ಒಮ್ಮೆ ಆದವರಿಗೆ ಮತ್ತೆ ಆಗುವ ಸಾಧ್ಯತೆ ಇತರರಿಗಿಂತ ಹೆಚ್ಚು.

ಯಾರಲ್ಲಿ ಇದು ಬರಬಹುದು?

- ಹಿಂದೆ ನಾಲ್ಕರಿಂದ ಆರನೇ ತಿಂಗಳಲ್ಲಿ ನೋವಿಲ್ಲದೆ ಗರ್ಭ ಹೋದವರು.
- ಗರ್ಭಕಂಠದ ಭಾಗವನ್ನು ಕತ್ತರಿಸಿ ತೆಗೆದ ಶಸ್ತ್ರಕ್ರಿಯೆ ಆದವರು.
- ಡಿ ಅಂಡ್ ಸಿ ಮಾಡುವಾಗ ಗರ್ಭಕಂಠವನ್ನು ಬಲವಂತವಾಗಿ ಹಿಗ್ಗಿಸಿದ್ದರೆ, ಅಥವಾ ಕಷ್ಟದ ಹೆರಿಗೆಯಲ್ಲಿ ಅದು ಹರಿದಿದ್ದರೆ.
- ಹುಟ್ಟಿನಿಂದಲೇ ಗರ್ಭಕೋಶದ ರಚನೆಯಲ್ಲಿ ವ್ಯತ್ಯಾಸವಿರುವವರು, ಅಥವಾ ದೇಹದ ಅಂಗಾಂಶಗಳು ಸಹಜವಾಗಿಯೇ ಸಡಿಲವಾಗಿರುವವರು.

ಈ ಪಟ್ಟಿಯಲ್ಲಿ ಮೀನಿನ ಬುಟ್ಟಿ ಇಲ್ಲ, ಬಸ್ ಪ್ರಯಾಣ ಇಲ್ಲ, ದೃಷ್ಟಿಯೂ ಇಲ್ಲ ಎಂಬುದನ್ನು ಗಮನಿಸಬೇಕು. ಬಸುರಿಯ ಮೇಲೆ ಭಾರ ಹೊರಿಸಬಾರದು ಎಂಬುದು ಸರಿಯೇ. ಆದರೆ ದುರ್ಬಲ ಗರ್ಭಕಂಠ ಆಕೆ ಮಾಡಿದ ಕೆಲಸದಿಂದ ಹುಟ್ಟಿದ ಕಾಯಿಲೆಯಲ್ಲ.

ಹಾರ್ಮೋನು ತೊಂದರೆಗಳ ಪಾತ್ರ

"ಅವಳಿಗೆ ಹಾರ್ಮೋನ್ ಪ್ರಾಬ್ಲಂ" ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. ಗರ್ಭ ಹೋದರೆ ಅದೂ ಹಾರ್ಮೋನಿನಿಂದಲೇ ಎಂದು ಮಾತು ಮುಗಿಸುತ್ತಾರೆ. ಹಾಗಲ್ಲ. ಯಾವ ಹಾರ್ಮೋನು, ಯಾವ ತಿಂಗಳು ಎಂದು ಬಿಡಿಸಿ ನೋಡಬೇಕು.

ಥೈರಾಯ್ಡ್: ಮೊದಲ ಮೂರು ತಿಂಗಳು ಮಗು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ಅವಲಂಬಿಸಿರುತ್ತದೆ. ಅದು ಕಡಿಮೆಯಿದ್ದು ಚಿಕಿತ್ಸೆ ಪಡೆಯದಿದ್ದರೆ ಗರ್ಭಸ್ರಾವದ ಸಾಧ್ಯತೆ ಹೆಚ್ಚು. ಟಿಎಸ್‌ಎಚ್ ಎಂಬ ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಬಸುರಿ ಎಂದು ತಿಳಿದ ಕೂಡಲೇ ವೈದ್ಯರನ್ನು ಕಾಣಬೇಕು, ಏಕೆಂದರೆ ಬಹಳ ಮಂದಿಗೆ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಬಸುರಿಯಾದೆ ಎಂದು ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು. ಇನ್ನೊಂದು ಮಾತು: ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಬೇಕು, ಇಲ್ಲದಿದ್ದರೆ ಔಷಧ ಮೈಗೆ ಹತ್ತುವುದಿಲ್ಲ.

ಸಕ್ಕರೆ ಕಾಯಿಲೆ: ಬಸುರಿಯಾಗುವ ಹೊತ್ತಿಗೆ ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗರ್ಭಸ್ರಾವಕ್ಕೂ ಮಗುವಿನ ಅಂಗದೋಷಕ್ಕೂ ಅದು ಕಾರಣವಾಗಬಹುದು. ಸರಕಾರದ ಮಾರ್ಗಸೂಚಿಯಂತೆ ಪ್ರತಿ ಬಸುರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸಬೇಕು. ಅದು 140 ಅಥವಾ ಹೆಚ್ಚು ಬಂದರೆ ಚಿಕಿತ್ಸೆ ಬೇಕು. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಈ ಪರೀಕ್ಷೆ ಮಾಡುತ್ತಾರೆ.

ಪಿಸಿಒಡಿ ಅಥವಾ ಪಿಸಿಒಎಸ್: ಮುಟ್ಟು ತಪ್ಪುವುದು, ತೂಕ ಏರುವುದು, ಮುಖದಲ್ಲಿ ಕೂದಲು ಬರುವುದು ಇದರ ಸಾಮಾನ್ಯ ಲಕ್ಷಣಗಳು. ಇದು ಮಕ್ಕಳಾಗುವುದನ್ನು ತಡಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಇದಕ್ಕೂ ಗರ್ಭಕಂಠಕ್ಕೂ ನಂಟಿರಬಹುದು ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. 2012ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಪ್ರಕಟವಾದ ಒಂದು ಅಧ್ಯಯನದಲ್ಲಿ ಪಿಸಿಒಎಸ್ ಇದ್ದ ಸುಮಾರು ಸಾವಿರ ಬಸುರಿಯರನ್ನು ಅದು ಇಲ್ಲದವರೊಂದಿಗೆ ಹೋಲಿಸಿ ನೋಡಲಾಯಿತು. ಗರ್ಭಕಂಠದ ದೌರ್ಬಲ್ಯ ಇಲ್ಲದವರಲ್ಲಿ ಶೇ. 0.5 ಇದ್ದರೆ ಪಿಸಿಒಎಸ್ ಇದ್ದವರಲ್ಲಿ ಶೇ. 2.9 ಇತ್ತು. ಅವರಲ್ಲೂ ಭಾರತ ಉಪಖಂಡದ ಮೂಲದ ಮಹಿಳೆಯರಲ್ಲಿ ಪ್ರಮಾಣ ಇನ್ನೂ ಹೆಚ್ಚು, ಶೇ. 7.8. ಒಂದೇ ಅಧ್ಯಯನದಿಂದ ಎಲ್ಲವನ್ನೂ ತೀರ್ಮಾನಿಸುವಂತಿಲ್ಲ. ಪಿಸಿಒಡಿ ಇರುವ ಬಹುಪಾಲು ತಾಯಂದಿರಿಗೆ ಈ ತೊಂದರೆ ಬರುವುದಿಲ್ಲ ಎಂಬುದನ್ನೂ ಇದೇ ಅಂಕಿ ಹೇಳುತ್ತದೆ. ಆದರೂ ಪಿಸಿಒಡಿ ಇದ್ದು ಬಸುರಿಯಾದವರು, ಅದರಲ್ಲೂ ಮಕ್ಕಳಿಗಾಗಿ ಹಾರ್ಮೋನು ಇಂಜೆಕ್ಷನ್ ಪಡೆದವರು, ಐದನೇ ತಿಂಗಳ ಸ್ಕ್ಯಾನಿಂಗ್ ವೇಳೆ "ಗರ್ಭಕಂಠದ ಉದ್ದ ಎಷ್ಟಿದೆ?" ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಪ್ರೊಜೆಸ್ಟೆರಾನ್: ಗರ್ಭಕೋಶವನ್ನು ಶಾಂತವಾಗಿಡುವ, ಗರ್ಭಕಂಠ ಮೆತ್ತಗಾಗದಂತೆ ತಡೆಯುವ ಹಾರ್ಮೋನು ಇದು. ಮೊದಲ ಎಂಟು ಹತ್ತು ವಾರ ಅಂಡಾಶಯದಿಂದ, ಆಮೇಲೆ ಮಾಸಿನಿಂದ ಉತ್ಪತ್ತಿಯಾಗುತ್ತದೆ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಗರ್ಭಕಂಠ ಕಿರಿದಾಗಿದೆ ಎಂದು ಕಂಡವರಿಗೆ ರಾತ್ರಿ ಯೋನಿಯೊಳಗೆ ಇಡುವ ಪ್ರೊಜೆಸ್ಟೆರಾನ್ ಗುಳಿಗೆ ಕೊಡುವುದರಿಂದ ಅವಧಿಗೆ ಮುಂಚಿನ ಹೆರಿಗೆ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಹಿಂದೆ ಗರ್ಭಸ್ರಾವವಾಗಿದ್ದು ಈ ಬಾರಿ ಆರಂಭದಲ್ಲೇ ರಕ್ತ ಕಾಣಿಸಿಕೊಂಡವರಿಗೂ ಇದನ್ನು ಕೊಡುತ್ತಾರೆ. ಆದರೆ ಎಲ್ಲ ಬಸುರಿಯರಿಗೂ ಇದು ಬೇಕಿಲ್ಲ.

ತಾವಾಗಿ ಮಾತ್ರೆ ನುಂಗಬೇಡಿ

ಪಕ್ಕದ ಮನೆಯವರಿಗೆ ಕೊಟ್ಟ 'ಗರ್ಭ ನಿಲ್ಲುವ ಮಾತ್ರೆ'ಯನ್ನು ಅಂಗಡಿಯಿಂದ ತಂದು ನುಂಗುವ ರೂಢಿ ಅಪಾಯಕಾರಿ. ಇದಕ್ಕೆ ಜಗತ್ತೇ ಕಲಿತ ಒಂದು ಪಾಠವಿದೆ. 1940ರ ದಶಕದಿಂದ ಅಮೆರಿಕದಲ್ಲಿ ಗರ್ಭಸ್ರಾವ ತಡೆಯಲೆಂದು ಡಿಇಎಸ್ ಎಂಬ ಹಾರ್ಮೋನು ಮಾತ್ರೆಯನ್ನು ಲಕ್ಷಾಂತರ ತಾಯಂದಿರಿಗೆ ಕೊಟ್ಟರು. ಅದರಿಂದ ಪ್ರಯೋಜನವಿಲ್ಲ ಎಂದು 1953ರಲ್ಲೇ ಶಿಕಾಗೋದ ಒಂದು ಪರೀಕ್ಷೆ ತೋರಿಸಿತ್ತು. ಆದರೂ ಮಾತ್ರೆ ನಿಲ್ಲಲಿಲ್ಲ. 1971ರಲ್ಲಿ ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಕಂಡುಬಂದಾಗ ಮಾತ್ರ ಬಸುರಿಯರಿಗೆ ಕೊಡಬಾರದೆಂದು ಎಚ್ಚರಿಕೆ ಹೊರಟಿತು. ಆ ಹೆಣ್ಣುಮಕ್ಕಳು ಬೆಳೆದು ಬಸುರಿಯರಾದಾಗ ಅನೇಕರಲ್ಲಿ ಗರ್ಭಕಂಠದ ದೌರ್ಬಲ್ಯವೂ ಕಾಣಿಸಿತು. ಗರ್ಭ ಉಳಿಸಲು ಕೊಟ್ಟ ಹಾರ್ಮೋನು ಮುಂದಿನ ತಲೆಮಾರಿನ ಗರ್ಭಕ್ಕೆ ಕುತ್ತಾಯಿತು.

ಗರ್ಭಕಂಠಕ್ಕೆ ಹೊಲಿಗೆ: ನಮ್ಮ ಕರಾವಳಿಯ ವೈದ್ಯರ ಕೊಡುಗೆ

ಗರ್ಭಕಂಠದ ದೌರ್ಬಲ್ಯಕ್ಕೆ ಜಗತ್ತಿನಾದ್ಯಂತ ಮಾಡುವ ಚಿಕಿತ್ಸೆ ಎಂದರೆ ಅದರ ಸುತ್ತ ಹೊಲಿಗೆ ಹಾಕಿ ಬಿಗಿಯುವುದು. ಇದನ್ನು ರೂಪಿಸಿದವರು ಡಾ. ವಿಠ್ಠಲ ನಾಗೇಶ ಶಿರೋಡ್ಕರ್. ಅವರು 1899ರಲ್ಲಿ ಹುಟ್ಟಿದ್ದು ಗೋವಾದ ಶಿರೋಡದಲ್ಲಿ. ಕಾರವಾರದಿಂದ ಗಡಿ ದಾಟಿ ಹೋದರೆ ನೂರು ಕಿಲೋಮೀಟರಿಗೂ ಕಡಿಮೆ ದೂರ. ಅವರ ಶಾಲಾ ಶಿಕ್ಷಣ ನಡೆದದ್ದು ನಮ್ಮ ಹುಬ್ಬಳ್ಳಿಯಲ್ಲಿ. ಮುಂದೆ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತು ಅಲ್ಲಿಯೇ ಕಲಿಸಿದರು. ಮತ್ತೆ ಮತ್ತೆ ನಡುಗಾಲದಲ್ಲಿ ಗರ್ಭ ಕಳೆದುಕೊಳ್ಳುತ್ತಿದ್ದ ಮಹಿಳೆಯರ ಗರ್ಭಕಂಠದ ಸುತ್ತ, ಅವರ ತೊಡೆಯಿಂದಲೇ ತೆಗೆದ ಗಟ್ಟಿ ಅಂಗಾಂಶದ ಪಟ್ಟಿಯನ್ನು ಕಟ್ಟುವ ವಿಧಾನವನ್ನು ಅವರು 1955ರಲ್ಲಿ ಪ್ರಕಟಿಸಿದರು. 'ಶಿರೋಡ್ಕರ್ ಹೊಲಿಗೆ' ಎಂಬ ಹೆಸರು ಇಂದಿಗೂ ಎಲ್ಲ ದೇಶಗಳ ವೈದ್ಯಕೀಯ ಪುಸ್ತಕಗಳಲ್ಲಿದೆ. ಭಾರತ ಸರಕಾರ ಅವರಿಗೆ 1960ರಲ್ಲಿ ಪದ್ಮಭೂಷಣ, 1971ರಲ್ಲಿ ಪದ್ಮವಿಭೂಷಣ ನೀಡಿತು. 1971ರ ಮಾರ್ಚ್‌ನಲ್ಲಿ ಅವರು ನಿಧನರಾದರು. 1957ರಲ್ಲಿ ಆಸ್ಟ್ರೇಲಿಯಾದ ಡಾ. ಮ್ಯಾಕ್‌ಡೊನಾಲ್ಡ್ ಇನ್ನೂ ಸರಳವಾದ ಹೊಲಿಗೆಯನ್ನು ತೋರಿಸಿಕೊಟ್ಟರು. ಈಗ ಹೆಚ್ಚಿನ ಆಸ್ಪತ್ರೆಗಳಲ್ಲಿ ಹಾಕುವುದು ಅದನ್ನೇ.

ಹೊಲಿಗೆಯನ್ನು ಸಾಮಾನ್ಯವಾಗಿ ಮೂರು ಸಂದರ್ಭಗಳಲ್ಲಿ ಹಾಕುತ್ತಾರೆ. ಒಂದು, ಹಿಂದಿನ ಗರ್ಭಸ್ರಾವಗಳ ಚರಿತ್ರೆ ನೋಡಿ 12ರಿಂದ 14ನೇ ವಾರದೊಳಗೆ. ಎರಡು, ಹಿಂದೆ ಹೀಗಾಗಿದ್ದವರ ಗರ್ಭಕಂಠ 24 ವಾರಕ್ಕೆ ಮುಂಚೆ 25 ಮಿಲಿಮೀಟರಿಗಿಂತ ಕಿರಿದಾಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಕಂಡಾಗ. ಮೂರು, ಬಾಯಿ ಆಗಲೇ ತೆರೆದುಕೊಂಡಿರುವಾಗ ಕೊನೆಯ ಪ್ರಯತ್ನವಾಗಿ. ಮೂರನೆಯದರಲ್ಲಿ ಯಶಸ್ಸಿನ ಸಾಧ್ಯತೆ ಕಡಿಮೆ. ಸೊಂಟದ ಕೆಳಗೆ ಮರಗಟ್ಟಿಸಿ ಕಡಿಮೆ ಹೊತ್ತಿನಲ್ಲಿ ಮುಗಿಸುವ ಶಸ್ತ್ರಕ್ರಿಯೆ ಇದು. 36-37ನೇ ವಾರದಲ್ಲಿ ಹೊಲಿಗೆ ಬಿಚ್ಚುತ್ತಾರೆ, ಆಮೇಲೆ ಸಹಜ ಹೆರಿಗೆಯೇ ಆಗಬಹುದು. ಹೊಲಿಗೆ ಇರುವಾಗ ನೋವು ಬಂದರೆ ಅಥವಾ ನೀರು ಹೋದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೆಳಗಿನಿಂದ ಹಾಕಿದ ಹೊಲಿಗೆ ಹಿಂದೆ ವಿಫಲವಾದವರಿಗೆ ಹೊಟ್ಟೆಯ ಮೂಲಕ ಹಾಕುವ ಹೊಲಿಗೆಯೂ ಇದೆ. ಅವರಿಗೆ ಸಿಸೇರಿಯನ್ ಹೆರಿಗೆಯೇ ಆಗಬೇಕು.

ಹೊಲಿಗೆ ಎಲ್ಲರಿಗೂ ಬೇಕಾದದ್ದಲ್ಲ ಎಂಬುದನ್ನೂ ಹೇಳಬೇಕು. 1993ರಲ್ಲಿ ಪ್ರಕಟವಾದ, 1,292 ಮಹಿಳೆಯರ ದೊಡ್ಡ ಪರೀಕ್ಷೆಯಲ್ಲಿ 33 ವಾರಕ್ಕೆ ಮುಂಚಿನ ಹೆರಿಗೆ ಹೊಲಿಗೆ ಹಾಕಿದವರಲ್ಲಿ ಶೇ. 13, ಹಾಕದವರಲ್ಲಿ ಶೇ. 17 ಇತ್ತು. ಆದರೆ ಹಿಂದೆ ಮೂರು ಅಥವಾ ಹೆಚ್ಚು ಬಾರಿ ಗರ್ಭ ಕಳೆದುಕೊಂಡವರಲ್ಲಿ ಅಥವಾ ಅವಧಿಗೆ ಮುಂಚೆ ಹೆತ್ತವರಲ್ಲಿ ಇದು ಶೇ. 15 ಮತ್ತು ಶೇ. 32 ಆಗಿತ್ತು. ಎಂದರೆ ಪ್ರಯೋಜನ ಹೆಚ್ಚು ಸಿಗುವುದು ಹಿಂದಿನ ಚರಿತ್ರೆ ಇರುವವರಿಗೆ. ಆ ಚರಿತ್ರೆಯನ್ನು ವೈದ್ಯರಿಗೆ ಹೇಳಬೇಕಾದವರು ನಾವೇ.

ಪೂರ್ತಿ ಹಾಸಿಗೆಯಲ್ಲೇ ಮಲಗಿಸಿಡುವುದರಿಂದ ಗರ್ಭ ಉಳಿಯುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ತಿಂಗಳುಗಟ್ಟಲೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಎಷ್ಟು ವಿಶ್ರಾಂತಿ ಬೇಕೆಂದು ವೈದ್ಯರನ್ನೇ ಕೇಳಬೇಕು.

ನಮ್ಮ ಜಿಲ್ಲೆಯಲ್ಲಿ ಏನು ಮಾಡಬೇಕು?

ಹಾರವಾಡದವರಿಗೆ ಒಂದು ಕಡೆ ಅಂಕೋಲೆಯ ತಾಲೂಕು ಆಸ್ಪತ್ರೆ, ಇನ್ನೊಂದು ಕಡೆ ಕಾರವಾರದಲ್ಲಿ ಜನ ಕ್ರಿಮ್ಸ್ ಎಂದು ಕರೆಯುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ದೊಡ್ಡ ಆಸ್ಪತ್ರೆ ಬೇಕೆಂದರೆ ಜನ ಗೋವಾದ ಬಾಂಬೋಳಿಗೆ, ಹುಬ್ಬಳ್ಳಿಗೆ ಅಥವಾ ಮಣಿಪಾಲಕ್ಕೆ ಹೋಗುತ್ತಾರೆ. ಕಾರವಾರದಿಂದ ಬಾಂಬೋಳಿ ಸುಮಾರು 100 ಕಿ.ಮೀ., ಮಣಿಪಾಲ ಸುಮಾರು 200 ಕಿ.ಮೀ. ಮಳೆಗಾಲದಲ್ಲಿ ಈ ದಾರಿಯನ್ನೂ ನಂಬುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿಹೋದದ್ದು, ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಕುಸಿದದ್ದು ಯಾರೂ ಮರೆತಿಲ್ಲ. ಐದನೇ ತಿಂಗಳ ರಾತ್ರಿಯಲ್ಲಿ 108ಕ್ಕೆ ಫೋನ್ ಮಾಡಿ ಓಡುವ ಬದಲು ಮೂರನೇ ತಿಂಗಳಲ್ಲಿ ಹಗಲು ಹೊತ್ತಿನಲ್ಲಿ ಹೋಗಿ ವೈದ್ಯರೊಂದಿಗೆ ಮಾತನಾಡುವುದು ಈ ಕಾಯಿಲೆಯ ಮಟ್ಟಿಗೆ ಸಾಧ್ಯವಿದೆ.

- ಮುಟ್ಟು ತಪ್ಪಿದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡ್ ಮಾಡಿಸಿ. 12 ವಾರ ದಾಟಲು ಬಿಡಬೇಡಿ.
- ಹಿಂದಿನ ಗರ್ಭಸ್ರಾವ ಎಷ್ಟನೇ ವಾರದಲ್ಲಿ ಆಯಿತು, ಮೊದಲು ಬಂದದ್ದು ನೋವೋ ರಕ್ತವೋ ನೀರೋ, ಮಗುವಿಗೆ ಜೀವವಿತ್ತೇ, ಆಮೇಲೆ ಡಿ ಅಂಡ್ ಸಿ ಆಯಿತೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೊಂಡೊಯ್ಯಿರಿ. ಹಳೆಯ ಚೀಟಿ, ಸ್ಕ್ಯಾನಿಂಗ್ ವರದಿಗಳನ್ನು ಎಸೆಯಬೇಡಿ.
- ಗರ್ಭಕಂಠದ ಉದ್ದವನ್ನು ಸರಿಯಾಗಿ ಅಳೆಯಲು ಯೋನಿಯ ಮೂಲಕ ಸ್ಕ್ಯಾನ್ ಮಾಡುತ್ತಾರೆ. ನಾಚಿಕೆಯಿಂದ ಬೇಡ ಎನ್ನಬೇಡಿ. ಇದರಿಂದ ಮಗುವಿಗೆ ತೊಂದರೆಯಿಲ್ಲ.
- ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳಿನಿಂದ ಮುಂದಿನ ಬಸುರಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. 2016ರಿಂದ ಈ ಯೋಜನೆ ನಡೆಯುತ್ತಿದೆ. ಹಿಂದೆ ಗರ್ಭ ಹೋದವರು ಅಲ್ಲಿಯವರೆಗೂ ಕಾಯದೆ ಮೊದಲೇ ಹೋಗಬೇಕು.
- ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಗರ್ಭಸ್ರಾವದ ನಂತರ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಬೇಕೇ ಎಂದು ಕೇಳಿ.

ತಡಮಾಡದೆ ಹೋಗಬೇಕಾದ ಲಕ್ಷಣಗಳು

ನಾಲ್ಕರಿಂದ ಆರನೇ ತಿಂಗಳ ನಡುವೆ ಕೆಳಹೊಟ್ಟೆಯಲ್ಲಿ ಏನೋ ಒತ್ತಿದಂತೆ, ಕೆಳಗೆ ಜಾರಿದಂತೆ ಅನ್ನಿಸುವುದು. ಬಿಳಿ ಸೆರಗು ಒಮ್ಮೆಲೇ ಹೆಚ್ಚಾಗಿ ನೀರಿನಂತೆ ಅಥವಾ ಲೋಳೆಯಂತೆ ಹೋಗುವುದು. ಕಂದು ಬಣ್ಣದ ಅಥವಾ ಸ್ವಲ್ಪವೇ ಆದರೂ ರಕ್ತ ಕಾಣಿಸುವುದು. ಬಿಟ್ಟು ಬಿಟ್ಟು ಸೊಂಟ ನೋಯುವುದು. ಇವುಗಳಲ್ಲಿ ಯಾವುದಾದರೂ ಕಂಡರೆ "ನೋವಿಲ್ಲವಲ್ಲ, ಬೆಳಿಗ್ಗೆ ನೋಡೋಣ" ಎನ್ನಬಾರದು. ಈ ಕಾಯಿಲೆಯಲ್ಲಿ ನೋವು ಇಲ್ಲದಿರುವುದೇ ಲಕ್ಷಣ.

ಕುಟುಂಬ ಮತ್ತು ಧರ್ಮಕೇಂದ್ರದ ಪಾಲು

ಐದನೇ ತಿಂಗಳಲ್ಲಿ ಮಗುವನ್ನು ಕಳೆದುಕೊಂಡ ತಾಯಿಗೆ ಎರಡು ಮೂರು ದಿನಗಳಲ್ಲಿ ಎದೆಹಾಲು ಇಳಿಯಬಹುದು. ಇದನ್ನು ಆಕೆಗೆ ಮೊದಲೇ ಹೇಳುವವರು ಕಡಿಮೆ. "ಇನ್ನೊಂದಾಗುತ್ತದೆ ಬಿಡು" ಎಂಬ ಮಾತು ಆ ಹೊತ್ತಿಗೆ ಸಮಾಧಾನವಲ್ಲ. ಗಂಡ ಪಕ್ಕದಲ್ಲಿದ್ದು, ಅತ್ತೆ ಒಂದು ಗಂಜಿ ಕೊಟ್ಟು, ತಪ್ಪು ಹುಡುಕದೆ ಇದ್ದರೆ ಅದೇ ದೊಡ್ಡ ಔಷಧ.

ಆ ಮಗುವಿನ ಗತಿ ಏನು ಎಂದು ಕೇಳುವ ತಾಯಂದಿರಿದ್ದಾರೆ. ಜೀವವಿರುವಾಗ ಹೊರಬಂದ ಮಗುವಿಗೆ ಸಾಧ್ಯವಾದರೆ ಸ್ನಾನದೀಕ್ಷೆ ಕೊಡಬೇಕೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ತುರ್ತಿನಲ್ಲಿ ನರ್ಸ್ ಕೂಡ ಕೊಡಬಹುದು. ಸ್ನಾನದೀಕ್ಷೆ ಕೊಡಿಸುವ ಇಚ್ಛೆ ಹೆತ್ತವರಿಗಿದ್ದು ಅದಕ್ಕೆ ಮುಂಚೆಯೇ ಮಗು ತೀರಿಕೊಂಡಿದ್ದರೆ ಧರ್ಮಾಧ್ಯಕ್ಷರ ಅನುಮತಿಯಿಂದ ಅಂತ್ಯಸಂಸ್ಕಾರ ನಡೆಸಬಹುದು. ಇಂಥ ಮಕ್ಕಳ ರಕ್ಷಣೆಯ ಬಗ್ಗೆ ಭರವಸೆ ಇಡಲು ಕಾರಣಗಳಿವೆ ಎಂದು 2007ರಲ್ಲಿ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವೂ ಹೇಳಿದೆ. ಗುರುಗಳನ್ನು ಕೇಳಲು ಸಂಕೋಚ ಬೇಡ. ಗರ್ಭಕಂಠಕ್ಕೆ ಹೊಲಿಗೆ ಹಾಕಿಸುವುದು ಸಭೆಯ ಬೋಧನೆಗೆ ವಿರುದ್ಧವೇ ಎಂದೂ ಕೆಲವರು ಕೇಳುತ್ತಾರೆ. ಇಲ್ಲ. ಅದು ಗರ್ಭದಲ್ಲಿರುವ ಜೀವವನ್ನು ಉಳಿಸುವ ಚಿಕಿತ್ಸೆ.

ನಮ್ಮ ಶಾಲೆ ಮತ್ತು ಸಂಸ್ಥೆಗಳನ್ನು ನಡೆಸುವವರು ಇನ್ನೊಂದನ್ನು ನೆನಪಿಡಬೇಕು. ಗರ್ಭಸ್ರಾವವಾದ ಅರ್ಹ ಮಹಿಳಾ ನೌಕರರಿಗೆ ಆರು ವಾರಗಳ ವೇತನಸಹಿತ ರಜೆಯ ಹಕ್ಕಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಬಂದ ಈ ಹಕ್ಕು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಆಕೆ ಕೇಳುವ ಮುಂಚೆಯೇ ಕೊಟ್ಟರೆ ಒಳ್ಳೆಯದು.

ವಿವಾಹಪೂರ್ವ ತರಬೇತಿಯಲ್ಲಿ, ಸ್ತ್ರೀ ಸಂಘಟನೆಯ ಸಭೆಗಳಲ್ಲಿ ಈ ವಿಷಯವನ್ನು ಹತ್ತು ನಿಮಿಷ ಮಾತನಾಡಲು ಅವಕಾಶ ಕೊಡಬೇಕೆಂದು ನಮ್ಮ ಗುರುಗಳನ್ನು ಮತ್ತು ಧರ್ಮಭಗಿನಿಯರನ್ನು ಕೇಳಿಕೊಳ್ಳುತ್ತೇವೆ. ಪಕ್ಕದ ಆರೋಗ್ಯ ಕೇಂದ್ರದ ವೈದ್ಯರನ್ನೋ ನರ್ಸನ್ನೋ ಕರೆದರೆ ಇನ್ನೂ ಉತ್ತಮ. ಮತ್ತೆ ಬಸುರಿಯಾದೆ ಎಂದು ಪ್ರಾರ್ಥನೆ ಕೇಳಿಕೊಂಡು ಬರುವ ತಂಗಿಗೆ ಪ್ರಾರ್ಥನೆಯ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳೋಣ: "ಹಿಂದಿನ ಸಲ ಆದದ್ದನ್ನು ಡಾಕ್ಟರಿಗೆ ಹೇಳಿದ್ದೀಯಾ?"